ಶುದ್ಧವೆಂದುಕೊಂಡ ಗಾಳಿಯಲ್ಲೂ ಕಣಗಳಿದ್ದವು

ಲಿಡಾರ್ ಕೆಲಸ ಮಾಡುವ ಬಗೆ ಕೇಳಲು ಸರಳ. ಒಂದು ಲೇಸರ್ ಪಲ್ಸನ್ನು ಗಾಳಿಗೆ ಬಿಡುತ್ತಾರೆ. ದಾರಿಯಲ್ಲಿ ಸಿಗುವ ಧೂಳು, ಹೊಗೆ, ಉಪ್ಪಿನ ಕಣಗಳು ಅದರ ಚೂರುಪಾರನ್ನು ಹಿಂದಕ್ಕೆ ಚದುರಿಸುತ್ತವೆ. ಹಾಗೆ ಮರಳಿದ ಬೆಳಕನ್ನು ಟೆಲಿಸ್ಕೋಪು ಹಿಡಿಯುತ್ತದೆ. ಬೆಳಕು ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಹಿಡಿದರೆ ಕಣ 150 ಮೀಟರ್ ದೂರದಲ್ಲಿದೆ ಎಂದರ್ಥ. ಕಣಗಳು ಎಲ್ಲಿವೆ ಎಂಬುದನ್ನು ಲಿಡಾರ್ ಬಹಳ ನಿಖರವಾಗಿ ಹೇಳುತ್ತದೆ. ತೊಡಕು ಶುರುವಾಗುವುದು ಎಷ್ಟಿವೆ ಎಂದು ಕೇಳಿದಾಗ.

ಕೆಲವು ದೋಷಗಳು ಮೇಲುನೋಟಕ್ಕೇ ಕಾಣುತ್ತವೆ. ಹಗಲಿನಲ್ಲಿ ಸೂರ್ಯನ ಬೆಳಕೂ ಅದೇ ಟೆಲಿಸ್ಕೋಪಿಗೆ ನುಗ್ಗಿ ಗದ್ದಲ ಎಬ್ಬಿಸುತ್ತದೆ. ನಾಲ್ಕು ಪಟ್ಟು ಹೆಚ್ಚು ಪಲ್ಸ್‌ಗಳ ಸರಾಸರಿ ತೆಗೆದರೆ ಈ ಗದ್ದಲ ಅರ್ಧಕ್ಕಿಳಿಯುತ್ತದೆ. ನೆಲದ ಮೇಲಿನ ಲಿಡಾರ್‌ಗಳಲ್ಲಿ ಮೊದಲ ಕೆಲವು ನೂರು ಮೀಟರ್‌ವರೆಗೆ ಲೇಸರ್ ಕಿರಣ ಟೆಲಿಸ್ಕೋಪಿನ ನೋಟದೊಳಗೆ ಪೂರ್ತಿ ಬಂದಿರುವುದಿಲ್ಲ. ಇದನ್ನು ಸರಿಪಡಿಸದಿದ್ದರೆ ನಾವು ಉಸಿರಾಡುವ ಗಾಳಿಯ ಹೊಗೆಯೇ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ.

ಇವಕ್ಕಿಂತ ಕಠಿಣವಾದದ್ದು ಲೆಕ್ಕದೊಳಗೇ ಕುಳಿತ ದೋಷ. ಮರಳಿದ ಬೆಳಕು ಒಂದೇ ಅಳತೆ, ತಿಳಿಯಬೇಕಾದ್ದು ಎರಡು. ಕಣಗಳು ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸಿದವು? ದಾರಿಯಲ್ಲಿ ಎಷ್ಟನ್ನು ತಡೆದವು? ಒಂದು ಸಮೀಕರಣದಿಂದ ಎರಡನ್ನೂ ಬಿಡಿಸಲಾಗದು. ಹಾಗಾಗಿ ಇವೆರಡರ ನಡುವಿನ ಸಂಬಂಧವನ್ನು, ಅಂದರೆ ಲಿಡಾರ್ ಅನುಪಾತವನ್ನು, ಮೊದಲೇ ಊಹಿಸಿಕೊಳ್ಳಬೇಕು. 532 ನ್ಯಾನೊಮೀಟರಿನ ಹಸಿರು ಬೆಳಕಿನಲ್ಲಿ ಇದು ಕಡಲ ಉಪ್ಪಿನ ಕಣಗಳಿಗೆ ಸುಮಾರು 20, ಮರುಭೂಮಿಯ ಧೂಳಿಗೆ 40ರಿಂದ 55, ಕಾಡ್ಗಿಚ್ಚಿನ ಹೊಗೆಗೆ 70ರ ಆಸುಪಾಸು. ಹೊಗೆಯ ತೆಳುಪದರವನ್ನು ಕಡಲ ಗಾಳಿಯೆಂದು ಎಣಿಸಿದರೆ, ಅದು ತಡೆಯುವ ಬೆಳಕಿನ ಲೆಕ್ಕ ನಿಜದ ಮೂರನೇ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಆಗ ಉಪಕರಣ ಸರಿಯಾಗಿಯೇ ಇರುತ್ತದೆ, ತಪ್ಪಿದ್ದು ಊಹೆ.

ಊಹೆ ಹೇಗೆ ಕೈಕೊಡಬಹುದು ಎಂಬುದಕ್ಕೆ ಕ್ಯಾಲಿಪ್ಸೊ ಉಪಗ್ರಹವೇ ನಿದರ್ಶನ. ಅಮೆರಿಕ ಮತ್ತು ಫ್ರಾನ್ಸ್ ಸೇರಿ 2006ರ ಏಪ್ರಿಲ್ 28ರಂದು ಹಾರಿಸಿದ ಈ ಉಪಗ್ರಹ ಸುಮಾರು 700 ಕಿಲೋಮೀಟರ್ ಎತ್ತರದಿಂದ 2023ರವರೆಗೆ ವಾಯುಮಂಡಲವನ್ನು ಅಳೆಯಿತು. ಅದರ ಲಿಡಾರನ್ನು ಹೊಂದಿಸಲು ಒಂದು ಆಧಾರ ಬೇಕಿತ್ತು. 30ರಿಂದ 34 ಕಿಲೋಮೀಟರ್ ಎತ್ತರದಲ್ಲಿ ಅನಿಲದ ಅಣುಗಳಷ್ಟೇ ಇರುತ್ತವೆ ಎಂದು ಭಾವಿಸಿ, ರಾತ್ರಿ ಹೊತ್ತು ಅಲ್ಲಿಂದ ಬಂದ ಬೆಳಕನ್ನೇ ಅಳತೆಗೋಲು ಮಾಡಿಕೊಂಡರು. ಆದರೆ ಉಷ್ಣವಲಯದಲ್ಲಿ ಆ ಎತ್ತರದಲ್ಲೂ ಏರೋಸಾಲ್, ಅಂದರೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು, ಇದ್ದವು. ಅವು ಚದುರಿಸಿದ ಬೆಳಕೂ ಅಣುಗಳ ಖಾತೆಗೆ ಸೇರಿಹೋಯಿತು. ಪರಿಣಾಮವಾಗಿ ಕೆಳಗಿನ ಪದರಗಳ ಏರೋಸಾಲ್ ಇದ್ದುದಕ್ಕಿಂತ ಕಡಿಮೆಯೆಂದು ಲೆಕ್ಕಕ್ಕೆ ಬಂತು. ತೂಕದ ಬಟ್ಟೇ ಸರಿಯಿಲ್ಲದಿದ್ದರೆ ಸಾವಿರ ಸಲ ತೂಗಿದರೂ ತೂಕ ಸರಿಹೋಗದು. ಇಲ್ಲಿ ಸರಾಸರಿ ನೆರವಿಗೆ ಬಾರದು.

2009ರಲ್ಲಿ ಜ್ಯಾಂ-ಪಾಲ್ ವೆರ್ನಿಯೆ ಮತ್ತು ಸಂಗಡಿಗರು ಆಧಾರವನ್ನು 36ರಿಂದ 39 ಕಿಲೋಮೀಟರಿಗೆ ಏರಿಸಿ ಲೆಕ್ಕವನ್ನು ಮತ್ತೆ ಮಾಡಿದರು. ಉಷ್ಣವಲಯದ ಸ್ತರಗೋಳದಲ್ಲಿ ಜ್ವಾಲಾಮುಖಿಗಳು ಉಗುಳಿದ ಕಣಗಳ ಪಯಣ ಆಗ ಸ್ಪಷ್ಟವಾಯಿತು. ಏಷ್ಯಾದ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ತಲೆಯ ಮೇಲೆ ಸುಮಾರು 13ರಿಂದ 18 ಕಿಲೋಮೀಟರ್ ಎತ್ತರದಲ್ಲಿ ಹರಡಿಕೊಳ್ಳುವ ಏರೋಸಾಲ್ ಪದರವನ್ನೂ 2011ರಲ್ಲಿ ಇದೇ ಉಪಗ್ರಹದ ದತ್ತಾಂಶದಿಂದ ಗುರುತಿಸಿದರು. ಇಂಥ ಕ್ಷೀಣ ಪದರದ ವಿಷಯದಲ್ಲಿ ಆಧಾರ ಅತ್ತಿತ್ತ ಸರಿದರೆ ಸಂಗತಿಯೇ ಕೈತಪ್ಪುತ್ತದೆ. ಮುಂದೆ ಕ್ಯಾಲಿಪ್ಸೊ ತಂಡವೂ ತನ್ನ ದತ್ತಾಂಶದ ನಾಲ್ಕನೇ ಆವೃತ್ತಿಯಲ್ಲಿ ಅದೇ ಎತ್ತರವನ್ನು ಒಪ್ಪಿಕೊಂಡು, 2006ರಿಂದಾಚೆಗಿನ ದತ್ತಾಂಶವನ್ನೆಲ್ಲ ಮರುಲೆಕ್ಕ ಮಾಡಿತು. ಜೊತೆಗೆ ಕಡಲ ಕಣಗಳ ಲಿಡಾರ್ ಅನುಪಾತವನ್ನು 20ರಿಂದ 23ಕ್ಕೆ, ಧೂಳಿನದನ್ನು 40ರಿಂದ 44ಕ್ಕೆ ತಿದ್ದಿತು.

ಊಹೆಯ ಪಾಲನ್ನು ತಗ್ಗಿಸುವ ದಾರಿಯೂ ಇದೆ. ಗಾಳಿಯ ಅಣುಗಳು ವೇಗವಾಗಿ ಚಲಿಸುವುದರಿಂದ ಅವು ಚದುರಿಸಿದ ಬೆಳಕಿನ ತರಂಗಾಂತರ ತುಸು ಹರಡಿಕೊಳ್ಳುತ್ತದೆ; ಕಣಗಳು ಚದುರಿಸಿದ್ದು ಹಾಗೆ ಹರಡುವುದಿಲ್ಲ. ಸೂಕ್ಷ್ಮ ಸೋಸುಕದಿಂದ ಇವನ್ನು ಬೇರ್ಪಡಿಸಿದರೆ ಎರಡು ಅಜ್ಞಾತಗಳಿಗೆ ಎರಡು ಅಳತೆ ಸಿಗುತ್ತವೆ. 2024ರ ಮೇ ತಿಂಗಳಲ್ಲಿ ಯುರೋಪ್ ಮತ್ತು ಜಪಾನ್ ಸೇರಿ ಹಾರಿಸಿದ ಅರ್ಥ್‌ಕೇರ್ ಉಪಗ್ರಹದ ಲಿಡಾರ್ ಇದನ್ನೇ ಮಾಡುತ್ತದೆ. ಆದರೂ ಸೋಸುಕದಲ್ಲಿ ಒಂದರ ಬೆಳಕು ಇನ್ನೊಂದಕ್ಕೆ ಸ್ವಲ್ಪ ಸೋರುತ್ತದೆ. ಅದನ್ನೂ ಅಳೆದು ಕಳೆಯಲೇಬೇಕು.

ಏರೋಸಾಲ್‌ಗಳು ಭೂಮಿಯನ್ನು ಎಷ್ಟು ತಂಪಾಗಿಸುತ್ತವೆ, ಎಷ್ಟು ಬಿಸಿಮಾಡುತ್ತವೆ ಎಂಬ ಲೆಕ್ಕ ಇಂಥ ಅಂಕಿಗಳ ಮೇಲೆ ನಿಂತಿದೆ. ಆದ್ದರಿಂದ ಪ್ರತಿ ಅಂಕಿಯ ಜೊತೆ ಅದರ ಹಿಂದಿನ ಊಹೆಯನ್ನೂ ಬರೆದಿಡಬೇಕು, ಮೂಲ ಸಂಕೇತವನ್ನು ಕಾಪಾಡಬೇಕು. ಹಾಗೆ ಕಾಪಾಡಿದ್ದರಿಂದಲೇ, ಕೆಲಸ ನಿಲ್ಲಿಸಿದ ಕ್ಯಾಲಿಪ್ಸೊದ ಅಳತೆಗಳನ್ನು ನಾಳೆ ಇನ್ನೂ ಉತ್ತಮ ಊಹೆ ಸಿಕ್ಕಾಗ ಮತ್ತೊಮ್ಮೆ ತಿದ್ದಲು ಸಾಧ್ಯ.