ಬೆಳೆ ಮಾರಿದ ಹಣ ಮತ್ತು ಮೂರು ಪುಸ್ತಕಗಳು



ಹಣ ಹೂಡುವ ಬಗೆಗೆ ಯಾವ ಪುಸ್ತಕ ಓದಬೇಕೆಂದು ಹಲವರು ಕೇಳುತ್ತಾರೆ. ಇಂಥವು ಬಹುತೇಕ ತಿಂಗಳ ಸಂಬಳದವರಿಗಾಗಿ ಬರೆದವು. ನಮಗೋ ಹಣ ಬರುವುದು ಕೊಯ್ಲಿನ ಮೇಲೆ. ತುಸು ಹೊಂದಿಸಿಕೊಂಡೇ ಓದಬೇಕು.

ಜಾರ್ಜ್ ಕ್ಲಾಸನ್‌ರ ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್’ ಕಥೆಗಳ ಸಣ್ಣ ಪುಸ್ತಕ. ಬಂದುದರಲ್ಲಿ ಹತ್ತನೆಯ ಒಂದು ಪಾಲನ್ನು ಖರ್ಚಿಗೆ ಮೊದಲೇ ತೆಗೆದಿಡಿ ಎನ್ನುತ್ತದೆ. ನಾವು ಅದನ್ನು ಅಡಿಕೆ, ಕಾಫಿ ಮಾರಿದ ದಿನವೇ ತೆಗೆದಿಡಬೇಕು. (ಬೆಳೆಸಾಲದ ಕಂತು ಅದಕ್ಕೂ ಮೊದಲು!)

ಮೋನಿಕಾ ಹಾಲನ್‌ರ ‘ಲೆಟ್ಸ್ ಟಾಕ್ ಮನಿ’ (2018) ನಮ್ಮ ದೇಶದವರಿಗಾಗಿಯೇ ಬರೆದದ್ದು. ಹೂಡಿಕೆಗೆ ಮೊದಲು ಆಪತ್ಕಾಲದ ನಿಧಿ, ಆರೋಗ್ಯ ವಿಮೆ. ವಿಮೆಯನ್ನು ಹೂಡಿಕೆಯೊಡನೆ ಬೆರೆಸಬಾರದು ಎಂಬುದು ಅದರ ತಿರುಳು. ಸಂಬಳದವರಿಗೆ ಕೆಲವು ತಿಂಗಳ ಖರ್ಚು ಕೈಯಲ್ಲಿದ್ದರೆ ಸಾಕು. ಕೊಳೆರೋಗ ಹತ್ತಿದರೆ, ಹೂಮಳೆ ಕೈಕೊಟ್ಟರೆ ನಾವು ಮುಂದಿನ ಕೊಯ್ಲಿನವರೆಗೆ ಕಾಯಬೇಕಷ್ಟೆ. ಆದ್ದರಿಂದ ಮನೆ, ತೋಟ ಎರಡರದೂ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿರಲಿ. ಅದಿಲ್ಲದೆ ಷೇರಿಗೆ ಕೈಹಾಕಿದವರು ಕೆಟ್ಟ ವರ್ಷದಲ್ಲಿ ಸಿಕ್ಕ ಬೆಲೆಗೆ ಮಾರಬೇಕಾದೀತು.

ಬೆಂಜಮಿನ್ ಗ್ರಹಾಂರ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ (1949) ಕಠಿಣ. 8 ಮತ್ತು 20ನೆಯ ಅಧ್ಯಾಯಗಳನ್ನಾದರೂ ಓದಿ. ಪೇಟೆ ದಿನವೂ ಒಂದು ದರ ಕೂಗುತ್ತದೆ, ಒಪ್ಪಲೇಬೇಕೆಂದಿಲ್ಲ ಎಂಬ ಮಾತು ಮಂಡಿ ಕಂಡವರಿಗೆ ಹೊಸದಲ್ಲ.

ಮೂರೂ ಮೂಲತಃ ಇಂಗ್ಲಿಷಿನವು. ಮಕ್ಕಳಿಂದ ಓದಿಸಿ ಕೇಳಬಹುದು. ಒಂದನ್ನೇ ಕೊಳ್ಳುವವರು ಹಾಲನ್‌ರದನ್ನು ಕೊಳ್ಳಿ.