ಅಂಗಸಾಧನೆಗೆ ತಕ್ಕ ಉಡುಪು

ಎರಡು ವರ್ಷಗಳ ಹಿಂದೆ ನಮ್ಮ ರಕ್ತದಲ್ಲಿ ಸಕ್ಕರೆಯ ಅಂಶವು ಮಿತಿಮೀರಿರುವುದನ್ನು ಕಂಡ ವೈದ್ಯರು, ಔಷಧದೊಡನೆ ನಿತ್ಯವೂ ಅಂಗಸಾಧನೆಯನ್ನು ಮಾಡತಕ್ಕದ್ದೆಂದು ವಿಧಿಸಿದರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಗವಾಗುತ್ತ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕರಿಯ ಹಲಗೆಯ ಮುಂದೆ ಶಬ್ದರೂಪಗಳನ್ನು ಹೇಳಿಕೊಟ್ಟ ನಮ್ಮ ಕಾಲುಗಳಿಗೆ ನಿಲ್ಲುವ ಅಭ್ಯಾಸವುಂಟೇ ಹೊರತು ಓಡುವ ಅಭ್ಯಾಸವಿಲ್ಲ. ಆದರೂ ಮಗನು ಬಿಡಲಿಲ್ಲ. “ಏಳಿ ಅಪ್ಪ, ನಾನೂ ಜೊತೆಗೆ ಬರ್ತೀನಿ” ಎಂದು ಒಂದು ಮುಂಜಾನೆ ಚಿಂತಾಮಣಿಯ ಒಂದು ಜಿಮ್ಮಿಗೆ ಕರೆದೊಯ್ದನು.

ನಾವು ಎಂದಿನಂತೆ ಪಂಚೆಯುಟ್ಟು ಶಲ್ಯವನ್ನು ಹೊದ್ದು ಹೋಗಿದ್ದೆವು. ಅಲ್ಲಿ ತರಬೇತಿ ಕೊಡುವ ತರುಣನು ಕೈಮುಗಿದು, “ಮೇಷ್ಟ್ರೇ, ತಪ್ಪು ತಿಳೀಬೇಡಿ. ಪಂಚೆಯಲ್ಲಿ ಯಂತ್ರದ ಮೇಲೆ ಹತ್ತೋ ಹಾಗಿಲ್ಲ” ಎಂದನು. ನಾವು ತಪ್ಪು ತಿಳಿದೆವು. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ, ಈ ಉಡುಪಿನಲ್ಲಿಯೇ ದೇವಸ್ಥಾನಕ್ಕೂ ಶಾಲೆಗೂ ಮದುವೆಯ ಮನೆಗೂ ಹೋದ ನಾವು ಒಂದು ಕಬ್ಬಿಣದ ಯಂತ್ರಕ್ಕೆ ಅನರ್ಹರಾದೆವೆ ಎಂದು ಮಗನಿಗೆ ಉಪನ್ಯಾಸವನ್ನೇ ಮಾಡಿದೆವು. ಅವನು ತುಟಿ ಬಿಚ್ಚಲಿಲ್ಲ. ಮೇಷ್ಟರ ಮಗನಾದವನಿಗೆ ಆ ಸಹನೆ ಹುಟ್ಟಿನಿಂದಲೇ ಬಂದಿರುತ್ತದೆ.

ಕೋಪವಿಳಿದ ಮೇಲೆ ಕೋಶವನ್ನು ತೆರೆದೆವು. ‘ಜಿಮ್’ ಎಂಬುದು ಗ್ರೀಕರ ‘ಜಿಮ್ನಾಸಿಯಂ’ ಎಂಬ ಮಾತಿನ ಮೊಟಕು. ಅದಕ್ಕೆ ಮೂಲವಾದ ‘ಗುಮ್ನೋಸ್’ ಎಂಬ ಪದಕ್ಕೆ ಬತ್ತಲೆ ಎಂದು ಅರ್ಥ. ಅದೂ ನಮ್ಮ ಸಂಸ್ಕೃತದ ‘ನಗ್ನ’ ಶಬ್ದವೂ ಒಂದೇ ಬೇರಿನ ಕವಲುಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪ್ರಾಚೀನ ಗ್ರೀಕ್ ತರುಣರು ಮೈಗೆ ಎಣ್ಣೆ ಬಳಿದುಕೊಂಡು ದಿಗಂಬರರಾಗಿಯೇ ಸಾಧನೆ ಮಾಡುತ್ತಿದ್ದರು. ಬಟ್ಟೆಯಿಲ್ಲದ ಸ್ಥಳವೆಂದೇ ಹೆಸರಾದ ಮನೆಯ ಬಾಗಿಲಲ್ಲಿ ನಿಂತು ಬಟ್ಟೆಯ ವಿಷಯಕ್ಕೆ ನಾವು ಜಗಳವಾಡಿದ್ದೆವೆಂದು ತಿಳಿದಾಗ ನಗೆ ಬಂದಿತು.

ನಮ್ಮ ಗರಡಿಯವರು ಅಷ್ಟು ದೂರ ಹೋಗಲಿಲ್ಲ, ಆದರೆ ಬಹಳ ಹಿಂದೆಯೂ ಉಳಿಯಲಿಲ್ಲ. ಬಾಲ್ಯದಲ್ಲಿ ನಾವು ಕಂಡ ಗರಡಿಮನೆಯು ಕತ್ತಲೆ ಕವಿದ, ತಗ್ಗು ಬಾಗಿಲಿನ ಕೋಣೆ. ಜರಡಿ ಹಿಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲಿನ ಗುಂಡು. ಉಸ್ತಾದರು ಮೊದಲ ದಿನ ಕಲಿಸುತ್ತಿದ್ದುದು ದಂಡವನ್ನೂ ಅಲ್ಲ, ಬಸ್ಕಿಯನ್ನೂ ಅಲ್ಲ. ಲಂಗೋಟಿಯನ್ನು ಕಟ್ಟುವ ಕ್ರಮವನ್ನು. ಅದನ್ನು ಬಿಗಿಯಾಗಿ ಸೆಳೆದು ಹಿಂದೆ ಸಿಕ್ಕಿಸಿ, ಮೇಲೊಂದು ಚಡ್ಡಿ ತೊಟ್ಟರೆ ಉಡುಪು ಮುಗಿಯಿತು. ಇದಕ್ಕೆ ಕಾರಣ ಬಡತನವಲ್ಲ. ಕುಸ್ತಿಯಲ್ಲಿ ಮೈಮೇಲಿರುವ ಪ್ರತಿಯೊಂದು ಗೇಣು ಬಟ್ಟೆಯೂ ಎದುರಾಳಿಗೆ ಒಂದು ಹಿಡಿ. ಮೈಸೂರಿನ ದಸರೆಯಲ್ಲಿ ವಜ್ರಮುಷ್ಟಿ ಕಾಳಗಕ್ಕಿಳಿಯುವ ಜಟ್ಟಿಗಳು ತಲೆಯನ್ನು ಬೋಳಿಸಿಕೊಳ್ಳುವುದನ್ನು ವಾಚಕರಲ್ಲಿ ಕೆಲವರು ನೋಡಿರಬಹುದು. ಬಟ್ಟೆಯ ವಿಷಯದಲ್ಲಿದ್ದ ಎಚ್ಚರವು ಅಲ್ಲಿ ಕೂದಲಿನವರೆಗೂ ಹೋಗಿದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದೆ. ಇಲ್ಲಿಗೆ ಹತ್ತಿರದ ಕೈವಾರವೇ ಏಕಚಕ್ರನಗರವೆಂದೂ, ಭೀಮಸೇನನು ಬಕಾಸುರನನ್ನು ಕೊಂದದ್ದು ಅಲ್ಲಿಯೇ ಎಂದೂ ನಮ್ಮ ಜನರು ನಂಬಿ ಭೀಮಲಿಂಗೇಶ್ವರನನ್ನು ಪೂಜಿಸುತ್ತಾರೆ. ಮಲ್ಲವಿದ್ಯೆ ನಮ್ಮ ಸೀಮೆಗೆ ಹೊರಗಿನದಲ್ಲ.

ಮಾತಿನಲ್ಲಿಯೂ ಇದರ ಗುರುತುಗಳುಂಟು. ಕೆಲಸಕ್ಕೆ ಸಿದ್ಧನಾದವನನ್ನು ಟೊಂಕ ಕಟ್ಟಿದನೆನ್ನುತ್ತೇವೆ. ಸಂಸ್ಕೃತದಲ್ಲಿ ಬದ್ಧಪರಿಕರನೆಂದರೂ ಅದೇ. ವೀರಗಾಸೆಯ ಹೆಸರಿನಲ್ಲಿ ಕಾಸೆಯಿದೆ. ನಮ್ಮ ಗಡಿಯ ಸಂತೆಗಳಲ್ಲಿ ತೆಲುಗಿನ ‘ಗೋಚಿ’ಯೂ ಕೇಳಿಬರುತ್ತದೆ. ದೇಹಶ್ರಮಕ್ಕೆ ಮುನ್ನ ಉಡುಪನ್ನು ಬಿಗಿಮಾಡಿಕೊಳ್ಳಬೇಕೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಹಾಗೆಂದ ಮೇಲೆ ಸಡಿಲವಾದ ಪಂಚೆಯಲ್ಲಿ ಹೋದ ನಾವೇ ಸಂಪ್ರದಾಯವನ್ನು ಮೀರಿದವರಾದೆವು! ಇಲ್ಲೊಂದು ಎಚ್ಚರಿಕೆ: ಲಂಗೋಟಿ ಕಟ್ಟಿದರೆ ಹರ್ನಿಯಾ ಬರುವುದಿಲ್ಲವೆಂಬ ನಂಬಿಕೆಯು ಈಗಲೂ ಇದೆ. ಅದು ಮರ್ಮಸ್ಥಾನಕ್ಕೆ ಆಧಾರ ಕೊಡುವುದು ನಿಜ, ಆದರೆ ಅಂತಹ ರಕ್ಷೆಯನ್ನೇನೂ ಕೊಡಲಾರದು. ಉಸಿರು ಬಿಗಿಹಿಡಿದು ಶಕ್ತಿಗೆ ಮೀರಿದ ಭಾರವನ್ನೆತ್ತುವವನನ್ನು ಯಾವ ಬಟ್ಟೆಯೂ ಕಾಯದು.

2007ರಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾಗುವವರೆಗೆ ನಾವೆಲ್ಲರೂ ಕೋಲಾರ ಜಿಲ್ಲೆಯವರು. ಆ ಜಿಲ್ಲೆಯ ದೇವರಾಯಸಮುದ್ರದಲ್ಲಿ ಹುಟ್ಟಿದ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರನ್ನು ಈ ಸಂದರ್ಭದಲ್ಲಿ ನೆನೆಯದಿರಲಾಗದು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದು, ಅಂಚೆಯ ಮೂಲಕವೂ ಶಿಷ್ಯರಿಗೆ ಪಾಠ ಕಳುಹಿಸಿದವರು ಅವರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಅವರೇ ಎಂಬುದನ್ನು ಕೇಳಿ ನಮ್ಮ ವಿದ್ಯಾರ್ಥಿಗಳು ಬೆರಗಾಗುತ್ತಿದ್ದರು. ಅವರ ಭಾವಚಿತ್ರಗಳಲ್ಲಿ ಉಡುಪು ಅತ್ಯಲ್ಪ. ಶಿಲ್ಪಿಯು ಕಡೆದಂತಹ ಮಾಂಸಖಂಡಗಳು ಕಾಣಬೇಕೆಂದೇ ತೆಗೆಸಿದ ಚಿತ್ರಗಳವು. ಈಚಿನ ತರುಣರು ಚಿತ್ರದ ಉಡುಪನ್ನೇ ಸಾಧನೆಯ ಉಡುಪೆಂದು ತಿಳಿದಂತಿದೆ. ಕಂಕುಳಿನಿಂದ ಸೊಂಟದವರೆಗೆ ಸೀಳಿದ ಬನಿಯನ್ನು ತೊಟ್ಟು, ಹತ್ತು ಬಾರಿ ಭಾರವನ್ನೆತ್ತಿ, ಇಪ್ಪತ್ತು ಬಾರಿ ಕನ್ನಡಿ ನೋಡುವವರನ್ನು ನಾವು ಕಂಡಿದ್ದೇವೆ. ನೋಡಿಕೊಳ್ಳಲಿ, ಪ್ರಾಯವು ಮತ್ತೆ ಬರುವುದಿಲ್ಲ. ಆದರೆ ಬೆವರಿನ ಬೆನ್ನು ತಾಗಿದ ಹಲಗೆಯ ಮೇಲೆ ಮುಂದಿನವನು ಮಲಗಬೇಕಲ್ಲವೆ? ಬೆನ್ನು ಮುಚ್ಚುವ ಅಂಗಿಯೊಂದು, ಹಲಗೆಗೆ ಹಾಸಲು ಟವೆಲ್ಲೊಂದು ಇರುವುದು ಮರ್ಯಾದೆ.

ಇನ್ನು ಬಟ್ಟೆಯ ಜಾತಿ. ಶಿಡ್ಲಘಟ್ಟದಲ್ಲಿ ನಾವು ಆರು ವರ್ಷ ಇದ್ದೆವು. ರೇಷ್ಮೆಗೂಡಿನ ಮಾರುಕಟ್ಟೆಯ ಗದ್ದಲವನ್ನೂ, ಬಿಸಿನೀರಿನ ಬಾಣಲೆಗಳ ಮುಂದೆ ನೂಲು ಬಿಚ್ಚುವವರ ಬೆವರನ್ನೂ ಕಂಡವರು. ಆ ಬೆವರಿಗೆ ಅವರು ತೊಡುತ್ತಿದ್ದುದು ಹತ್ತಿಯ ಬನಿಯನ್ನೇ. ರೇಷ್ಮೆಯು ನೆನೆದಾಗ ಬಲ ಕುಂದುತ್ತದೆ, ಬೆವರಿನಿಂದ ಬಣ್ಣಗೆಡುತ್ತದೆ. ಹತ್ತಿಯೋ ನೆನೆದಾಗ ಇನ್ನೂ ಗಟ್ಟಿಯಾಗುತ್ತದೆ. ಒಣಗಿದಂತೆ ಕಾಣುವ ಹತ್ತಿಯೂ ಸಾಮಾನ್ಯ ಹವೆಯಲ್ಲಿ ತನ್ನ ತೂಕದ ನೂರರಲ್ಲಿ ಸುಮಾರು 8 ಪಾಲು ನೀರನ್ನೂ, ರೇಷ್ಮೆಯು 11 ಪಾಲನ್ನೂ ಹಿಡಿದಿರುತ್ತದೆ. 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಪಾಲಿಗಿಂತಲೂ ಕಡಿಮೆ. ಆದಕಾರಣ ಹತ್ತಿಯ ಅಂಗಿಯು ಬೆವರನ್ನು ಕುಡಿದು ಭಾರವಾಗುತ್ತದೆ, ನಿಧಾನವಾಗಿ ಆರುತ್ತದೆ. ಪಾಲಿಯೆಸ್ಟರಿನ ಅಂಗಿಯು ಬೇಗನೆ ಆರುತ್ತದೆ, ಆದರೆ ದುರ್ಗಂಧವನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಗಂಟೆಯ ಸಾಧನೆಗೆ ತೆಳುವಾದ ಹತ್ತಿಯೇ ಸಾಕು. ದೂರದ ಓಟಕ್ಕೆ ಬೇಗ ಆರುವ ಹೊಸ ಬಟ್ಟೆ ಮೇಲು. ಸುಲ್ತಾನಪೇಟೆಯ ಕಡೆಯಿಂದ ಮೆಟ್ಟಿಲು ಹತ್ತಿ ನಂದಿಬೆಟ್ಟಕ್ಕೆ ಹೋಗುವವರು ಒಂದು ಒಣ ಅಂಗಿಯನ್ನು ಚೀಲದಲ್ಲಿಟ್ಟುಕೊಳ್ಳಬೇಕು. ಹತ್ತುವಾಗ ಬೆವರು, ನೆತ್ತಿಯಲ್ಲಿ ಕುಳಿರ್ಗಾಳಿ. ಒದ್ದೆ ಬಟ್ಟೆಯಲ್ಲಿ ಅಲ್ಲಿ ನಿಂತವನಿಗೆ ನಡುಕ ಬರುತ್ತದೆ.

ಯಾವ ಬಟ್ಟೆಯಾದರೂ ಒದ್ದೆಯಾಗಿಯೇ ಮೈಮೇಲೆ ಉಳಿಯಬಾರದು. ನಮ್ಮ ಮಗನು ಬಿಗಿಯಾದ ಷರಾಯಿಯಲ್ಲಿ ಸಾಧನೆ ಮಾಡಿ, ಅದರಲ್ಲಿಯೇ ಒಂದೆರಡು ಗಂಟೆ ಕೆಲಸಕ್ಕೆ ಕುಳಿತುಬಿಡುತ್ತಿದ್ದನು. ತೊಡೆಯ ಸಂದಿನಲ್ಲಿ ಹುಳುಕಡ್ಡಿ ಹತ್ತಿತು. ನಾಚಿಕೆಯಿಂದ ಯಾರಿಗೂ ಹೇಳದೆ ಅಂಗಡಿಯಿಂದ ತಾನೇ ಒಂದು ಮುಲಾಮನ್ನು ತಂದು ಹಚ್ಚಿದನು. ತುರಿಕೆ ಅಡಗಿತು, ರೋಗ ಹರಡಿತು. ಸ್ಟಿರಾಯ್ಡ್ ಬೆರೆತ ಇಂತಹ ಮುಲಾಮುಗಳು ಉರಿಯನ್ನು ಮುಚ್ಚಿ, ಶಿಲೀಂಧ್ರವನ್ನು ಒಳಗೇ ಬೆಳೆಸುತ್ತವೆಂದು ಚರ್ಮವೈದ್ಯರು ತಿಳಿಸಿದರು. ವಾಸಿಯಾಗಲು ಮೂರು ತಿಂಗಳು ಬೇಕಾಯಿತು. ಮನೆಯಲ್ಲಿ ತರುಣರಿರುವ ತಾಯಂದಿರು ಈ ಮಾತನ್ನು ಸಂಕೋಚಪಡದೆ ಕೇಳಬೇಕು: ಸಾಧನೆಯ ಬಟ್ಟೆಯನ್ನು ಆಗಲೇ ಕಳಚಿ, ಪ್ರತಿದಿನವೂ ಒಗೆದು, ಬಿಸಿಲಿನಲ್ಲಿ ಒಣಗಿಸಬೇಕು. ಒಬ್ಬರ ಟವೆಲ್ಲನ್ನು ಇನ್ನೊಬ್ಬರು ಮುಟ್ಟಬಾರದು.

ಬೇಗ ಕೃಶರಾಗುವ ಆಸೆಯಿಂದ ಗಾಳಿಯಾಡದ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಕವಚವನ್ನು ತೊಟ್ಟು ಓಡುವವರೂ ಇದ್ದಾರೆ. ಆಯುರ್ವೇದದ ಆಚಾರ್ಯರು ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾತ್ರ ಮಾಡಬೇಕೆಂದು ಹೇಳಿ, ಹಣೆ, ಮೂಗು, ಕೀಲುಗಳಲ್ಲಿ ಬೆವರು ಮೂಡುವುದನ್ನೂ ಬಾಯಿ ಒಣಗುವುದನ್ನೂ ಅದಕ್ಕೆ ಗುರುತಾಗಿ ಕೊಟ್ಟರು. ರಬ್ಬರಿನ ಕವಚದೊಳಗೆ ಆ ಗುರುತೇ ಸುಳ್ಳಾಗುತ್ತದೆ. ಇಳಿಯುವುದು ನೀರಿನ ತೂಕವೇ ಹೊರತು ಕೊಬ್ಬಿನದಲ್ಲ. ಒಳಗಿನ ಕಾವು ಮಾತ್ರ ಹೊರಬರಲಾರದೆ ಏರುತ್ತದೆ. 1997ರ ಕೊನೆಯಲ್ಲಿ ಅಮೆರಿಕದ ಕಾಲೇಜುಗಳ ಮೂವರು ಕುಸ್ತಿಪಟುಗಳು ಪಂದ್ಯಕ್ಕೆ ತೂಕವಿಳಿಸಲು ಹೀಗೆ ಬೆವರು ಸುರಿಸುತ್ತ, ಐದು ವಾರಗಳೊಳಗೆ ಒಬ್ಬರಾದ ಮೇಲೊಬ್ಬರು ಪ್ರಾಣಬಿಟ್ಟರು. ಆಮೇಲೆ ಅಲ್ಲಿ ಆ ಕವಚವನ್ನು ನಿಷೇಧಿಸಿದರು.

ಈಗ ಸ್ತ್ರೀಯರ ವಿಷಯ. ನಮ್ಮ ಸೊಸೆಗೂ ಜಿಮ್ಮಿಗೆ ಹೋಗುವ ಮನಸ್ಸಾಯಿತು. ಹೆರಿಗೆಯಾದಂದಿನಿಂದ ಬೆನ್ನುನೋವು, ವೈದ್ಯರ ಸಲಹೆಯೂ ಇದ್ದಿತು. ಹೋಗಲಿ, ಆದರೆ ಚೂಡಿದಾರದ ಮೇಲೆ ದುಪಟ್ಟ ಇರಲೇಬೇಕೆಂದು ನಮ್ಮ ಗೃಹಿಣಿಯು ಕಟ್ಟಳೆ ಮಾಡಿದಳು. ಅದಕ್ಕೆ ನಾವೂ ತಲೆಯಾಡಿಸಿದೆವೆಂಬುದನ್ನು ಮುಚ್ಚಿಡುವುದಿಲ್ಲ. ನಾಲ್ಕನೆಯ ದಿನ ಓಡುವ ಯಂತ್ರದ ಪಟ್ಟಿಯು ದುಪಟ್ಟದ ಸೆರಗನ್ನು ಕಚ್ಚಿ ಒಳಕ್ಕೆಳೆದುಕೊಂಡಿತು. ಪಕ್ಕದಲ್ಲಿದ್ದ ಮಗನು ಕೆಂಪು ಗುಂಡಿಯನ್ನೊತ್ತಿ ಯಂತ್ರವನ್ನು ನಿಲ್ಲಿಸದಿದ್ದರೆ ಏನಾಗುತ್ತಿತ್ತೋ, ಬರೆಯಲು ಕೈ ಬಾರದು. ಆಕೆಯ ಕೊರಳಿನಲ್ಲಿ ಎಂಟು ದಿನ ಕೆಂಪು ಬಾಸುಂಡೆ ಇದ್ದಿತು. “ಏನೂ ಆಗಿಲ್ಲ ಬಿಡಿ ಮಾವ” ಎಂದು ಆಕೆ ನಮ್ಮನ್ನೇ ಸಮಾಧಾನಪಡಿಸಿದಳು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಪಂಚೆಯುಟ್ಟ ನಮ್ಮನ್ನು ಬಾಗಿಲಲ್ಲಿ ತಡೆದ ತರುಣನ ಮಾತು ಆಗ ಅರ್ಥವಾಯಿತು. ಅಂತಹ ತಡೆಯನ್ನು ನಾವು ಸೊಸೆಗೆ ಹೇಳಬೇಕಾಗಿದ್ದಿತು. ಅದಕ್ಕೆ ಬದಲಾಗಿ ಅಪಾಯವನ್ನೇ ಕೊರಳಿಗೆ ಸುತ್ತಿ ಕಳುಹಿಸಿದ್ದೆವು.

ಮರುದಿನ ಗೃಹಿಣಿಯು ತಾನೇ ಹೊಲಿಗೆಯ ಯಂತ್ರದ ಮುಂದೆ ಕುಳಿತು ಎರಡು ಹತ್ತಿಯ ಅಂಗಿಗಳನ್ನು ಹೊಲಿದಳು: ತೊಡೆಯ ನಡುವಿನವರೆಗೆ ಉದ್ದ, ಎರಡು ಪಕ್ಕಗಳಲ್ಲಿ ಸೀಳು, ಬಗ್ಗಿದರೆ ಜಾರದ ಕೊರಳು, ತೋಳೆತ್ತಿದರೆ ಹಿಡಿಯದ ಕಂಕುಳು. ಕೆಳಗೆ ಕಣಕಾಲಿನವರೆಗೆ ಮೈಗೊಪ್ಪುವ ಷರಾಯಿ. ಓಟಕ್ಕೂ ನೆಗೆತಕ್ಕೂ ಎದೆಗೆ ಭದ್ರವಾದ ಆಧಾರ ಕೊಡುವ, ಅದಕ್ಕೆಂದೇ ಹೊಲಿದ ಒಳಕಂಚುಕವು ಅವಶ್ಯಕ. ನಿತ್ಯದ ರವಿಕೆಯಾಗಲಿ ಒಳ ಉಡುಪಾಗಲಿ ಸಾಲದು. ಉಂಗುರವನ್ನೂ ಬಳೆಯನ್ನೂ ತೆಗೆದಿಡಬೇಕು. ಕಬ್ಬಿಣದ ಸರಳಿಗೆ ಉಂಗುರ ಸಿಕ್ಕಿದರೆ ಬೆರಳಿಗೇ ಸಂಚಕಾರ. ಮಾಂಗಲ್ಯವನ್ನು ತೆಗೆಯಲು ಮನಸ್ಸೊಪ್ಪದವರು ಅದನ್ನು ಅಂಗಿಯೊಳಗೆ ಸೇರಿಸಿ ಪಿನ್ನು ಹಾಕಿಕೊಳ್ಳಲಿ.

ಷರಾಯಿಯು ನಮ್ಮ ಸ್ತ್ರೀಯರಿಗೆ ಸಲ್ಲದೆನ್ನುವ ಹಿರಿಯರಿಗೆ ಒಂದು ಬಿನ್ನಹ. ಸೀರೆಯನ್ನು ಕಾಲುಗಳ ನಡುವೆ ಸೆಳೆದು ಉಡುವ ಗಂಡುಗಚ್ಚೆಯು ಈ ನಾಡಿನ ಹೆಂಗಸರದೇ. ಅಮರಸಿಂಹನ ಕೋಶದಲ್ಲಿ ‘ಅರ್ಧೋರುಕ’ ಎಂಬ ಪದವಿದೆ. ತೊಡೆಯ ಅರ್ಧಕ್ಕೆ ಬರುವ ಉಡುಪು ಎಂದರ್ಥ. ಅದನ್ನು ಕೋಶಕಾರನು ಹೇಳಿರುವುದು ಉತ್ತಮಸ್ತ್ರೀಯರ ಉಡುಪೆಂದು! ಈ ಪದವನ್ನು ನಾವು ಎಷ್ಟೋ ಬಾರಿ ಕಂಠಪಾಠ ಮಾಡಿಸಿದ್ದರೂ ಅದರ ಅರ್ಥ ಮನೆಯೊಳಗೆ ಬಂದಿರಲಿಲ್ಲ. ಹೊರದೇಶಗಳಲ್ಲಿ ಒತ್ತಾಯವು ತಿರುಗುಮುರುಗಾಗಿದೆ. 2011ರಲ್ಲಿ ಬ್ಯಾಡ್ಮಿಂಟನ್ನಿನ ವಿಶ್ವಸಂಸ್ಥೆಯು ಆಟಗಾರ್ತಿಯರು ಲಂಗವನ್ನೇ ತೊಡಬೇಕೆಂದು ಹೊರಟು, ವಿರೋಧ ಬಂದುದರಿಂದ ಕೈಬಿಟ್ಟಿತು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಣ್ಣುಮಕ್ಕಳು ತೀರ ಚಿಕ್ಕ ಉಡುಪನ್ನು ಒಲ್ಲದೆ ಚಡ್ಡಿ ತೊಟ್ಟರೆಂದು ಅವರಿಗೆ ದಂಡ ವಿಧಿಸಿದರು. ಒಂದು ಕಡೆ ಮುಚ್ಚೆಂಬ ಕಟ್ಟಳೆ, ಮತ್ತೊಂದು ಕಡೆ ಬಿಚ್ಚೆಂಬ ಕಟ್ಟಳೆ. ತೊಡುವವಳನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಪಾದರಕ್ಷೆಯ ಮಾತು ಬಂದರೆ ನಮ್ಮ ಮನಸ್ಸು ಗೌರಿಬಿದನೂರು ತಾಲ್ಲೂಕಿನ ಒಂದು ಶಾಲೆಗೆ ಹೋಗುತ್ತದೆ. ತಾಲ್ಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವ ಹೊಣೆಯು ಆ ವರ್ಷ ನಮ್ಮದು. ಬಿಳಿಯ ಚಡ್ಡಿ, ಬಿಳಿಯ ಕ್ಯಾನ್ವಾಸ್ ಬೂಟು ಇಲ್ಲದವರು ಬರಕೂಡದೆಂದು ಸಾರಿದೆವು. ಶಿಸ್ತಿನಲ್ಲಿ ನಮಗೆ ಆಗ ಅತಿಯಾದ ಶ್ರದ್ಧೆ. ಶಾಲೆಯಲ್ಲೆಲ್ಲ ವೇಗವಾಗಿ ಓಡುತ್ತಿದ್ದ ಹುಡುಗನು ಬರಿಗಾಲಿನಲ್ಲಿ ಬಂದು ಸಾಲಿನ ಕೊನೆಯಲ್ಲಿ ನಿಂತನು. ಅವನ ಚಡ್ಡಿಯು ಒಗೆದು ಬಿಳಿಯಾಗಿಯೇ ಇದ್ದಿತು. ನಾವು ಅವನನ್ನು ಬಿಟ್ಟು ಹೋದೆವು. ಮರುವರ್ಷ ಅವನು ಶಾಲೆಗೆ ಸೇರಲಿಲ್ಲ. ಕಾರಣ ಇದೊಂದೇ ಆಗಿರಲಾರದು. ಇಥಿಯೋಪಿಯದ ಅಬೆಬೆ ಬಿಕಿಲನು 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನ್ ಓಟವನ್ನು ಬರಿಗಾಲಿನಲ್ಲಿಯೇ ಗೆದ್ದನೆಂಬುದನ್ನು ನಾವು ಓದಿದ್ದು ಬಹಳ ತಡವಾಗಿ. ಬೂಟಿಗೆ ಹಣ ಒದಗಿದವರು ಓಟಕ್ಕೆ ಮೆತ್ತಗಿರುವುದನ್ನೂ, ಭಾರವೆತ್ತಲು ಅಡಿ ಚಪ್ಪಟೆಯಾಗಿ ಗಟ್ಟಿಯಾಗಿರುವುದನ್ನೂ ಕೊಳ್ಳಲಿ. ಒದಗದವರು ಬಯಲಿನಲ್ಲಿ ಮುಳ್ಳು ಗಾಜುಗಳನ್ನು ನೋಡಿಕೊಂಡು ಬರಿಗಾಲಿನಲ್ಲಿ ಓಡಲಿ, ಮನೆಯಲ್ಲಿ ಬರಿಗಾಲಿನಲ್ಲಿಯೇ ಬಸ್ಕಿ ಹೊಡೆಯಲಿ. ಹವಾಯಿ ಚಪ್ಪಲಿಯಲ್ಲಿ ಮಾತ್ರ ಯಂತ್ರಗಳ ಬಳಿ ಸುಳಿಯಬಾರದು.

ನಾವು ಈಗ ವಾರಕ್ಕೆ ಐದು ದಿನ ಅದೇ ಜಿಮ್ಮಿಗೆ ಹೋಗುತ್ತೇವೆ. ಗೃಹಿಣಿಯು ಹೊಲಿದುಕೊಟ್ಟ ಹತ್ತಿಯ ಪಾಯಿಜಾಮ, ಅರ್ಧ ತೋಳಿನ ಬನಿಯನ್ನು, ಮಗನು ಕೊಡಿಸಿದ ಬೂಟು ನಮ್ಮ ಉಡುಪು. ಪಂಚೆಯನ್ನು ಅಲ್ಲಿನ ಗೂಟಕ್ಕೆ ಮಡಿಸಿ ಹಾಕಿರುತ್ತೇವೆ. ಸಾಧನೆ ಮುಗಿದ ಮೇಲೆ ಮೈಯೊರೆಸಿಕೊಂಡು ಅದನ್ನುಟ್ಟು, ಪೇಟೆಯ ನಡುವೆ ನಡೆದು ಮನೆಗೆ ಬರುತ್ತೇವೆ. ಒದ್ದೆಯಾದ ಬನಿಯನ್ನನ್ನು ಬಚ್ಚಲಿನಲ್ಲಿ ನಾವೇ ಒಗೆದು ಹಾಕುತ್ತೇವೆ.