ಈಚಲ ಗಿಡದ ಸಿಹಿನೀರು

ಕೆನಡಾದಲ್ಲಿರುವ ನಮ್ಮ ಸಂಬಂಧಿಕರ ಹುಡುಗಿ ರಜೆಗೆ ನಮ್ಮೂರು ಕುಡತಿನಿಗೆ ಬಂದಾಗ ಒಂದು ಬಾಟಲಿ ಮೇಪಲ್ ಸಿರಪ್ ತಂದಿದ್ದಳು. ಜೇನಿಗಿಂತ ತೆಳು, ಬಣ್ಣ ಮಾತ್ರ ಜೇನಿಗಿಂತ ಕಪ್ಪು. ಅವ್ವ ಸಜ್ಜೆ ರೊಟ್ಟಿಯ ತುಂಡನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. “ಕಾಕಂಬಿ ಇದ್ದಂಗೈತಿ. ಆದ್ರ ಕಬ್ಬಿನ ವಾಸ್ನಿ ಇಲ್ಲ” ಎಂದಳು.

“ಕಬ್ಬಿಂದಲ್ಲ ದೊಡ್ಡವ್ವ, ಗಿಡದ ನೀರು. ಹಿತ್ತಲದಾಗಿನ ಗಿಡಕ್ಕ ಸಣ್ಣ ತೂತು ಕೊರದು ಬಕೀಟು ಕಟ್ತಾರ. ಇಳಿದ ನೀರು ಕುದಿಸಿದ್ರ ಇದಾಗತೈತಿ.”

“ಹಂಗಾದ್ರ ನಮ್ಮ ಈಚಲ ಗಿಡ ಇದ್ದಂಗ” ಎಂದು ಅವ್ವ ಮತ್ತೊಂದು ತುಂಡು ಮುರಿದಳು.

ಅವ್ವ ಸಹಜವಾಗಿ ಹೇಳಿದ ಆ ಮಾತೇ ಈ ಲೇಖನಕ್ಕೆ ಕಾರಣ. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಸೀಮೆಯಲ್ಲಿ ಹಳ್ಳದ ದಂಡೆಗೆ, ಕೆರೆಯ ಅಂಗಳಕ್ಕೆ ಈಚಲ ಗಿಡಗಳು ತಾವಾಗಿ ಹುಟ್ಟಿ ಬೆಳೆಯುತ್ತವೆ. ಅದರ ಗರಿಯಿಂದ ಕಸಬರಿಗೆ, ಚಾಪೆ, ಬುಟ್ಟಿ ಆಗುವುದನ್ನು ಎಲ್ಲರೂ ಬಲ್ಲರು. ಹಣ್ಣನ್ನು ಹುಡುಗರು ಆಯ್ದು ತಿನ್ನುತ್ತಾರೆ. ಆದರೆ ಅದರ ರಸ ಎಂದರೆ ನಮಗೆ ನೆನಪಾಗುವುದು ಹೆಂಡ ಒಂದೇ. ಆ ರಸ ಗಿಡದಿಂದ ಇಳಿಯುವಾಗ ಹೆಂಡವಲ್ಲ, ಬೆಲ್ಲದ ನೀರು. ಅದನ್ನು ಕುದಿಸಿದರೆ ಮೇಪಲ್ ಸಿರಪ್ಪಿಗೆ ಸರಿಸಾಟಿಯಾದ ಪಾಕ ಬರುತ್ತದೆ, ಇನ್ನಷ್ಟು ಕುದಿಸಿದರೆ ಬೆಲ್ಲ. ಈ ಕಸುಬು ಬೇರೆ ಕಡೆ ಇಂದಿಗೂ ನಡೆದಿದೆ.

ಮೊದಲು ಆ ದೂರದ ಮರದ ಸಂಗತಿ ನೋಡೋಣ. ಉತ್ತರ ಅಮೆರಿಕದಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು. ಈ ಏರಿಳಿತದಿಂದ ಮೇಪಲ್ ಮರದೊಳಗೆ ಒತ್ತಡ ಹುಟ್ಟಿ ರಸ ಹರಿಯುತ್ತದೆ. ಕಾಂಡದಲ್ಲಿ ಸುಮಾರು 8 ಮಿಲಿಮೀಟರ್ ಅಗಲದ, ನಾಲ್ಕೈದು ಸೆಂಟಿಮೀಟರ್ ಆಳದ ತೂತು ಕೊರೆದು ಕೊಳವೆ ತುರುಕಿದರೆ ಬಕೀಟಿಗೆ ಹನಿಯುತ್ತದೆ. ಆ ನೆಲದ ಮೂಲನಿವಾಸಿಗಳು ಯುರೋಪಿನವರು ಬರುವ ಮೊದಲೇ ಕಂಡುಕೊಂಡಿದ್ದ ವಿದ್ಯೆ ಇದು. ಈಗ ಜಗತ್ತಿನ ಮೇಪಲ್ ಸಿರಪ್ಪಿನ ಬಹುಪಾಲು ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು. ಹಿತ್ತಲಲ್ಲಿ ಎರಡು ಮೂರು ಮರ ಇರುವ ಮನೆಯವರೂ ವರ್ಷದ ಖರ್ಚಿಗೆ ಒಂದೆರಡು ಬಾಟಲಿ ಮಾಡಿಕೊಳ್ಳುತ್ತಾರೆ.

ಆದರೆ ಆ ರಸದಲ್ಲಿ ಸಕ್ಕರೆಯ ಅಂಶ ಶೇ 2ರ ಆಸುಪಾಸು ಅಷ್ಟೇ. ಬಾಯಿಗೆ ಹಾಕಿಕೊಂಡರೆ ನೀರೇ ಅನ್ನಬೇಕು. ಒಂದು ಲೀಟರ್ ಸಿರಪ್ ಆಗಲು ಸುಮಾರು 40 ಲೀಟರ್ ರಸ ಬೇಕು. ಉಳಿದದ್ದೆಲ್ಲ ಹಬೆಯಾಗಿ ಹೋಗಬೇಕು, ಅದಕ್ಕಾಗಿ ಗಂಟೆಗಟ್ಟಲೆ ಒಲೆ ಉರಿಯಬೇಕು. ನಮ್ಮ ಈಚಲ ರಸದಲ್ಲಿ ಸಕ್ಕರೆ ಶೇ 10ಕ್ಕೂ ಹೆಚ್ಚು. ಎಂಟು ಹತ್ತು ಲೀಟರ್ ಕುದಿಸಿದರೆ ಒಂದು ಕಿಲೋ ಬೆಲ್ಲ ಸಿಗುತ್ತದೆ. ಇದಕ್ಕೆ ಕಾರಣ ಉಂಟು. ಮೇಪಲ್‌ನಲ್ಲಿ ನಾವು ಕದಿಯುವುದು ಬೇರಿನಿಂದ ಮೇಲೇರುವ ನೀರಿನ ದಾರಿಯನ್ನು. ಈಚಲು, ತಾಳೆ, ತೆಂಗುಗಳಲ್ಲಿ ಕತ್ತಿ ತಾಗುವುದು ಎಲೆ ಅಡುಗೆ ಮಾಡಿ ಸುಳಿಗೂ ಹೂವಿಗೂ ಕಳಿಸುವ ಊಟದ ದಾರಿಗೆ. ಸಿಹಿಯ ಲೆಕ್ಕದಲ್ಲಿ ಅವರಿಗಿಂತ ನಾವೇ ಭಾಗ್ಯವಂತರು.

ನಮಗಿಲ್ಲದ್ದು ಚಳಿ. ಮೇಪಲ್ ರಸ ಹನಿಯುವ ದಿನಗಳಲ್ಲಿ ಹೊರಗಿನ ಹವೆಯೇ ಫ್ರಿಜ್ಜು. ಬಕೀಟು ಸಂಜೆವರೆಗೆ ತೂಗಾಡಿದರೂ ರಸ ಕೆಡುವುದಿಲ್ಲ. ಬಳ್ಳಾರಿಯ ಬಿಸಿಲಲ್ಲಿ ಈಚಲ ರಸ ಗಡಿಗೆಗೆ ಬಿದ್ದ ಗಳಿಗೆಯಿಂದಲೇ ಗಾಳಿಯ, ಗಡಿಗೆಯ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಸಿಹಿ ಹುಳಿಯಾಗಿ, ನೊರೆಯೆದ್ದು ಹೆಂಡವಾಗುತ್ತದೆ. ಹಾಗೇ ಬಿಟ್ಟರೆ ಕೊನೆಗೆ ವಿನೆಗರ್. ಬೆಲ್ಲಕ್ಕೂ ಹೆಂಡಕ್ಕೂ ನಡುವೆ ಇರುವುದು ಕೆಲವು ಗಂಟೆ ಮಾತ್ರ. ಈ ಕಸುಬಿನ ಜಾಣ್ಮೆಯೆಲ್ಲ ಆ ಗಂಟೆಗಳನ್ನು ಗೆಲ್ಲುವುದರಲ್ಲಿದೆ.

ಗೆಲ್ಲುವ ಹಳೆಯ ಉಪಾಯ ಸುಣ್ಣ. ಗಡಿಗೆಯ ಒಳಮೈಗೆ ಸುಣ್ಣ ಬಳಿದು ಕಟ್ಟಿದರೆ ಹುಳಿ ಏಳುವುದಿಲ್ಲ, ಆ ರಸವೇ ನೀರಾ. ಇನ್ನೊಂದು ಉಪಾಯ ಹೊತ್ತು. ಸಂಜೆ ಗಡಿಗೆ ಕಟ್ಟಿ, ಕೋಳಿ ಕೂಗುವ ಮುನ್ನ ಇಳಿಸಿ, ಬೆಳಕು ಹರಿಯುವಷ್ಟರಲ್ಲಿ ಒಲೆಯ ಮೇಲಿಡುವುದು. ಬಂಗಾಳದವರು ಈ ಎರಡನೆಯದನ್ನು ಒಂದು ಕಲೆಯನ್ನಾಗಿ ಬೆಳೆಸಿದ್ದಾರೆ. ಅಲ್ಲಿ ಗಿಡ ಏರುವವರಿಗೆ ಶಿಉಲಿ ಎಂದು ಹೆಸರು. ಚಳಿಗಾಲ ಕಾಲಿಡುವಾಗ ಅವರು ಸುಳಿಯ ಕೆಳಗೆ ಒಂದು ಬದಿಯ ಗರಿಗಳನ್ನು ಸವರಿ, ಬಿಳಿ ತಿರುಳು ಕಾಣುವಂತೆ ಕೆತ್ತಿ ಕೆಲವು ದಿನ ಒಣಗಲು ಬಿಡುತ್ತಾರೆ. ಆಮೇಲೆ ತೆಳುವಾಗಿ ಸೀಳಿ ಬಿದಿರಿನ ದಬ್ಬೆ ಸಿಕ್ಕಿಸಿ ಗಡಿಗೆ ತೂಗುಹಾಕುತ್ತಾರೆ. ಕೆಲವು ರಾತ್ರಿ ರಸ ಇಳಿಸಿದ ಮೇಲೆ ಗಿಡಕ್ಕೆ ಕೆಲವು ದಿನ ವಿಶ್ರಾಂತಿ. ವಿಶ್ರಾಂತಿಯ ನಂತರ ಮೊದಲ ರಾತ್ರಿ ಇಳಿಯುವ ರಸವೇ ಎಲ್ಲಕ್ಕಿಂತ ತಿಳಿ, ಎಲ್ಲಕ್ಕಿಂತ ಸಿಹಿ. ಆ ಚಳಿಗಾಲದ ಹೊಸ ಬೆಲ್ಲವೇ ನೊಲೆನ್ ಗುಡ್. ಅದಿಲ್ಲದೆ ಬಂಗಾಳದ ಚಳಿಗಾಲದ ಸಂದೇಶ್ ಎಂಬ ಸಿಹಿತಿಂಡಿಯಿಲ್ಲ. 2015ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಅಲ್ಲಿನ ಜಯನಗರದ ಮೋಯಾ ಎಂಬ ಅರಳಿನ ಉಂಡೆಗೂ ಇದೇ ಬೆಲ್ಲ ಬೇಕು.

ಮುಂದಿನ ವರ್ಷ ಕೆತ್ತುವುದು ಎದುರು ಬದಿಗೆ. ಮೇಪಲ್ ಮರ ತನ್ನ ಗಾಯವನ್ನು ಹೊಸ ಕಟ್ಟಿಗೆಯಿಂದ ಮುಚ್ಚಿಕೊಳ್ಳುತ್ತದೆ. ಈಚಲಿಗೆ ಆ ವರ ಇಲ್ಲ, ಕೆತ್ತಿದ ಗುರುತು ಸಾಯುವ ತನಕ ಇರುತ್ತದೆ. ಒಂದು ವರ್ಷ ಈ ಕಡೆ, ಒಂದು ವರ್ಷ ಆ ಕಡೆ ಕೆತ್ತಿಸಿಕೊಂಡ ಕಾಂಡ ಮೆಟ್ಟಿಲಿನಂತೆ ಡೊಂಕುಡೊಂಕಾಗಿ ಏರುತ್ತದೆ. ಆ ಡೊಂಕು ಎಣಿಸಿದರೆ ಗಿಡ ಎಷ್ಟು ವರ್ಷ ಹಾಲೂಡಿದೆ ಎಂದು ಹೇಳಬಹುದು. ಇನ್ನೊಂದು ಸೂಕ್ಷ್ಮವೂ ಇದೆ. ಈಚಲಿಗೆ ಇರುವುದು ಒಂದೇ ಸುಳಿ. ಕತ್ತಿ ಆಳಕ್ಕಿಳಿದು ಸುಳಿಗೆ ಏಟು ಬಿದ್ದರೆ ಗಿಡವೇ ಹೋಯಿತು. ಆದ್ದರಿಂದ ಇದು ಪುಸ್ತಕ ಓದಿ ಕಲಿಯುವ ವಿದ್ಯೆಯಲ್ಲ, ಕೈಯಿಂದ ಕೈಗೆ ಬರಬೇಕಾದದ್ದು. ನಮ್ಮಲ್ಲಿ ಆ ಕೈ ಈಡಿಗರದಾಗಿತ್ತು.

ಆ ಕೈಗಳು ಏಕೆ ಸುಮ್ಮನಾದವು? ಇದಕ್ಕೆ ಉತ್ತರ ನಮ್ಮ ಚರಿತ್ರೆಯಲ್ಲಿದೆ, ನೋವಿನದೂ ಹೌದು. ಹೆಂಡ ಮನೆಗಳನ್ನು ಹಾಳು ಮಾಡಿದ್ದು ನಿಜ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಈಚಲ ಗಿಡವನ್ನೇ ಕಡಿಯುವುದು ಸತ್ಯಾಗ್ರಹದ ದಾರಿಯಾಯಿತು. ನಮ್ಮ ಪಕ್ಕದ ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಈಚಲ ವನಕ್ಕೆ ಕೊಡಲಿ ಬಿತ್ತು. ಆ ಚಳವಳಿಗಾಗಿ ಎಸ್. ನಿಜಲಿಂಗಪ್ಪನವರು ಜೈಲು ಕಂಡರು. ಅವರ ತ್ಯಾಗಕ್ಕೆ ತಲೆಬಾಗುತ್ತೇನೆ. ಆದರೆ ಅದೇ ವರ್ಷಗಳಲ್ಲಿ ಗಾಂಧೀಜಿ ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ಈ ಮರಗಳ ರಸದಿಂದ ಬೆಲ್ಲ ಮಾಡಿ, ಹಳ್ಳಿಗೆ ಸಿಹಿಯೂ ಬರುತ್ತದೆ, ಮರ ಏರುವವನ ಹೊಟ್ಟೆಯೂ ತುಂಬುತ್ತದೆ ಎಂದು. 1934ರಲ್ಲಿ ಶುರುವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ತಾಳೆ, ಈಚಲ ಬೆಲ್ಲವನ್ನು ತನ್ನ ಕೆಲಸಗಳಲ್ಲೊಂದಾಗಿ ಹಿಡಿಯಿತು. ಗಜಾನನ ನಾಯಕ್ ಎಂಬವರು ಆ ಬೆಲ್ಲಕ್ಕಾಗಿಯೇ ದುಡಿದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಪಾನನಿರೋಧ ಬಂತು. ಕೆಲಸ ಕಳೆದುಕೊಂಡ, ಹೆಂಡ ಇಳಿಸುವ ಮೂರ್ತೆದಾರರಿಗಾಗಿ ಆ ಸರ್ಕಾರ ಬೆಲ್ಲದ ಸಹಕಾರ ಸಂಘಗಳನ್ನು ಕಟ್ಟಿತು. ಗಾಂಧೀಜಿಯ ಎರಡು ಮಾತಿನಲ್ಲಿ ಒಂದನ್ನು ನಾವು ಹಿಡಿದೆವು, ಇನ್ನೊಂದನ್ನು ಕೈಬಿಟ್ಟೆವು. ಕೊಡಲಿ ನೆನಪಿನಲ್ಲಿ ಉಳಿಯಿತು, ಕೊಪ್ಪರಿಗೆ ಮರೆತುಹೋಯಿತು.

2004ರಲ್ಲಿ ರಾಜ್ಯದಲ್ಲಿ ಕರಾವಳಿಯ ಎರಡು ಜಿಲ್ಲೆ ಬಿಟ್ಟು ಉಳಿದೆಡೆ ಸೇಂದಿ, ಅಂದರೆ ಹೆಂಡದ ಮಾರಾಟ ನಿಂತಿತು. ಅದಕ್ಕೂ ಮೊದಲು, 2001ರಲ್ಲಿ, ತೆಂಗಿಗೆ ನುಸಿ ಬಿದ್ದು ಸೋತಿದ್ದ ಚನ್ನಪಟ್ಟಣದ ರೈತರು ನೀರಾ ಇಳಿಸುವ ಹಕ್ಕು ಕೇಳಿ ಬೀದಿಗೆ ಬಂದಿದ್ದರು. ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ರೈತರು ಪ್ರಾಣ ಬಿಟ್ಟರು. ಗಿಡದ ಸಿಹಿನೀರಿಗಾಗಿ ಈ ನಾಡಿನಲ್ಲಿ ರಕ್ತ ಹರಿದಿದೆ ಎಂಬುದನ್ನು ಮರೆಯಬಾರದು. ಆನಂತರದ ವರ್ಷಗಳಲ್ಲಿ ಅಬಕಾರಿ ಕಾನೂನು ತಿದ್ದುಪಡಿಯಾಗಿ ತೆಂಗಿನ ನೀರಾ ಇಳಿಸಲು ಪರವಾನಗಿಯ ದಾರಿ ತೆರೆಯಿತು.

ತೆಂಗಿನ ವಿಷಯದಲ್ಲಿ ನಮ್ಮ ಗಡಿಯಾಚೆಯ ಕನ್ನಡದ ನೆಲ ಕಾಸರಗೋಡು ದೊಡ್ಡ ಉಪಕಾರ ಮಾಡಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಅಲ್ಲಿ ಹುಟ್ಟಿದ ಸಂಸ್ಥೆ ಇಂದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ಅಲ್ಲಿನ ವಿಜ್ಞಾನಿಗಳು ಸುಣ್ಣದ ಗಡಿಗೆಯ ಜಾಗಕ್ಕೆ ಮಂಜುಗಡ್ಡೆಯ ಪೆಟ್ಟಿಗೆ ತಂದರು. ಹೊಂಬಾಳೆಯ ತುದಿಗೆ ಒಂದು ಕೊಳವೆ ಸಿಕ್ಕಿಸಿ, ಅದರ ಕೆಳಗೆ ಐಸ್ ತುಂಬಿದ ಪೆಟ್ಟಿಗೆಯೊಳಗೆ ರಸ ಶೇಖರವಾಗುವಂತೆ ಮಾಡಿದ್ದಾರೆ. ಹುಳುಹುಪ್ಪಟೆ ಬೀಳುವುದಿಲ್ಲ, ರಸ ಹುಳಿಯುವುದಿಲ್ಲ, ಸುಣ್ಣದ ಬಿಳುಪೂ ಇಲ್ಲ. ಹೊನ್ನಿನ ಬಣ್ಣದ ಆ ರಸಕ್ಕೆ ಅವರಿಟ್ಟ ಹೆಸರು ಕಲ್ಪರಸ. ಅದನ್ನು ಕಾಯಿಸಿ ಪಾಕ, ಬೆಲ್ಲ, ಸಕ್ಕರೆ ಮೂರನ್ನೂ ಮಾಡುತ್ತಾರೆ. ಕೆನಡಾಕ್ಕೆ ಪ್ರಕೃತಿ ಕೊಟ್ಟ ಚಳಿಯನ್ನು ಇವರು ಒಂದು ಪೆಟ್ಟಿಗೆಯಲ್ಲಿಟ್ಟು ಮರ ಹತ್ತಿಸಿದ್ದಾರೆ. ಇದಕ್ಕಿಂತ ಸರಳವಾದ, ಇದಕ್ಕಿಂತ ಉಪಯುಕ್ತವಾದ ಶೋಧ ಈ ಕಸುಬಿಗೆ ಇನ್ನೊಂದಿಲ್ಲ.

ಕರಾವಳಿಯಲ್ಲಿ ಇದರ ಹಳೆಯ ರೂಪವೂ ಉಳಿದಿದೆ. ಮಂಗಳೂರು, ಉಡುಪಿ ಕಡೆ ಒಣಗರಿಯಲ್ಲಿ ಸುತ್ತಿ ಕಟ್ಟಿದ ಓಲೆ ಬೆಲ್ಲ ಸಿಗುತ್ತದೆ. ಅದರಲ್ಲಿ ಹೊಗೆಯ ಸಣ್ಣ ಪರಿಮಳ ಇರುತ್ತದೆ. ಶಿರಸಿ ಕಡೆಯವರು ಕಬ್ಬಿನ ಜೋನಿ ಬೆಲ್ಲವನ್ನು ದೋಸೆಯ ಮೇಲೆ ಸುರಿದು ತಿನ್ನುವ ಹಾಗೆಯೇ ಕೆನಡಾದವರು ತಮ್ಮ ದೋಸೆಯಂಥ ಪ್ಯಾನ್‌ಕೇಕಿನ ಮೇಲೆ ಮೇಪಲ್ ಸುರಿಯುತ್ತಾರೆ.

ಇನ್ನು ಒಲೆಯ ಕೆಲಸ. ಅಗಲ ಬಾಯಿಯ ಬಾಂಡ್ಲಿ ಬೇಕು, ಅಗಲವಿದ್ದಷ್ಟೂ ಹಬೆ ಬೇಗ ಹೋಗುತ್ತದೆ. ರಸವನ್ನು ಬಟ್ಟೆಯಲ್ಲಿ ಸೋಸಿ, ಕುದಿ ಬಂದಾಗ ಏಳುವ ನೊರೆಯನ್ನು ಜಾಲರಿ ಸೌಟಿನಿಂದ ತೆಗೆಯುತ್ತ ಇರಬೇಕು. ಉಕ್ಕಿ ಬಂದರೆ ಒಂದು ಹನಿ ಎಣ್ಣೆ ಬಿಟ್ಟರೆ ತಗ್ಗುತ್ತದೆ. ಮೇಪಲ್ ಮಾಡುವವರು ತಾಪಮಾಪಕ ಇಟ್ಟು, ನೀರು ಕುದಿಯುವ ಮಟ್ಟಕ್ಕಿಂತ ಸುಮಾರು 4 ಡಿಗ್ರಿ ಏರಿದಾಗ, ಅಂದರೆ 104 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಆ ಯಂತ್ರ ಬೇಡ. ಬೆರಳುಗಳ ನಡುವೆ ಎಳೆ ಬರುವ ಮುನ್ನ ಇಳಿಸಿದರೆ ರೊಟ್ಟಿಗೆ ಸುರಿದುಕೊಳ್ಳುವ ಪಾಕ. ತಣ್ಣೀರಿಗೆ ಹನಿ ಬಿಟ್ಟಾಗ ಉಂಡೆಯಾದರೆ ಬೆಲ್ಲದ ಹದ. ಉರುವಲಿಗೆ ಚಿಂತೆಯೇ ಇಲ್ಲ. ಹೊಲ, ಹಳ್ಳ, ಕೆರೆಯಂಗಳ ಎಲ್ಲವನ್ನೂ ನುಂಗುತ್ತಿರುವ ಬಳ್ಳಾರಿ ಜಾಲಿ ಇದೆಯಲ್ಲ. ನಮ್ಮ ಜಿಲ್ಲೆಯ ಹೆಸರು ಹೊತ್ತ ಆ ಮುಳ್ಳುಗಿಡ ಒಲೆಗೆ ಬಂದರೆ ಈಚಲಿಗೆ ಜಾಗವೂ ಆಗುತ್ತದೆ, ಬೆಲ್ಲಕ್ಕೆ ಬೆಂಕಿಯೂ ಆಗುತ್ತದೆ.

ಎಚ್ಚರಿಕೆಯ ಮಾತೊಂದು. ರಾತ್ರಿ ಬಾವಲಿಗಳು ಈ ರಸಕ್ಕೆ ಬಾಯಿ ಹಾಕುತ್ತವೆ. ಬಾಂಗ್ಲಾದೇಶದಲ್ಲಿ ಹಸಿ ಈಚಲ ರಸ ಕುಡಿದವರಿಗೆ ನಿಪಾ ವೈರಸ್ ತಗುಲಿದ ಪ್ರಕರಣಗಳಿವೆ. ಅಲ್ಲಿ ಈಗ ಕೆತ್ತಿದ ಜಾಗಕ್ಕೂ ಗಡಿಗೆಗೂ ಬಿದಿರಿನ ತಡಿಕೆ ಮುಚ್ಚುವ ರೂಢಿ ಬರುತ್ತಿದೆ. ಹಸಿ ರಸ ಕುಡಿಯುವ ಆಸೆ ಬೇಡ. ಚೆನ್ನಾಗಿ ಕುದಿಸಿದ ಪಾಕಕ್ಕೂ ಬೆಲ್ಲಕ್ಕೂ ಆ ಭಯವಿಲ್ಲ. ಹಾಗೆಯೇ ಅಬಕಾರಿ ಇಲಾಖೆಯ ಪರವಾನಗಿ ಇಲ್ಲದೆ ಯಾರೂ ಗಿಡಕ್ಕೆ ಕತ್ತಿ ಹಾಕಬಾರದು.

ಕುಡತಿನಿಯನ್ನು ಹೊರಗಿನವರು ಬಲ್ಲದ್ದು ಎರಡು ಬೂದಿಯಿಂದ. ಒಂದು, ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿಗುಡ್ಡ. ಇನ್ನೊಂದು, ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಕಲ್ಲಿದ್ದಲ ಬೂದಿ. ಈ ಧೂಳು, ಈ ಬಿಸಿಲಿನ ನಡುವೆಯೂ ಯಾರೂ ನೀರುಣಿಸದೆ ನಿಂತಿರುವ ಗಿಡ ಈಚಲು. ತೆಂಗಿಗೆ ಕೊಟ್ಟ ದಾರಿಯನ್ನು, ಬೆಲ್ಲಕ್ಕೆ ಮಾತ್ರ ಎಂಬ ಕಟ್ಟುನಿಟ್ಟಿನ ಷರತ್ತಿನೊಂದಿಗೆ, ಈಚಲಿಗೂ ಕೊಡಬೇಕು. ಗಿಡ ಏರಬಲ್ಲ ಹಿರಿಯರು ಇರುವಾಗಲೇ ತೋಟಗಾರಿಕೆ ಇಲಾಖೆ ಅವರಿಂದ ಹತ್ತು ಹುಡುಗರಿಗೆ ಕಲಿಸಬೇಕು. ಅಲ್ಲಿಯವರೆಗೆ ಓದುಗರಲ್ಲಿ ನನ್ನದೊಂದು ಬೇಡಿಕೆ: ಹೊಲ ಸಮ ಮಾಡುವಾಗ, ಹಳ್ಳಕ್ಕೆ ಜೆಸಿಬಿ ಇಳಿಸುವಾಗ, ದಂಡೆಯ ಮೇಲಿನ ಈಚಲ ಗಿಡವನ್ನು ಹಾಗೆಯೇ ಬಿಡಿ.